ಜೊತೆಗಾತಿ ಬದಲಾದಾಗ

ಸೈನಾ, ಸಿಂಧು ನಿಮಗೆ ಗೊತ್ತು. ನಮ್ಮ ಕೊಡವ ಹುಡುಗಿ ಅಶ್ವಿನಿ ಪೊನ್ನಪ್ಪ ಗೊತ್ತೇ? ಜ್ವಾಲಾ ಗುಟ್ಟಾ ಜೊತೆ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಡಬಲ್ಸ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದವರು.

ಡಬಲ್ಸ್‌ನಲ್ಲಿ ರ‍್ಯಾಂಕಿಂಗ್ ಒಬ್ಬರದಲ್ಲ, ಜೋಡಿಯದು. ಜೊತೆಗಾತಿ ಬದಲಾದರೆ ಹೊಸ ಜೋಡಿಯ ಲೆಕ್ಕ ಸೊನ್ನೆಯಿಂದ ಶುರು. ತಾನು ಹಿಂದಿನಿಂದ ಸ್ಮ್ಯಾಷ್ ಹೊಡೆದಾಗ ನೆಟ್ ಬಳಿ ಅವಳು ಯಾವ ಕಡೆ ಸರಿಯುತ್ತಾಳೆ ಎಂಬುದನ್ನೂ ಮತ್ತೆ ಕಲಿಯಬೇಕು.

ಜ್ವಾಲಾ ನಂತರ ಸಿಕ್ಕಿ ರೆಡ್ಡಿ. ಆಮೇಲೆ, ನಿಮ್ಮ ಹಾಗೆಯೇ ಹೊರದೇಶದಲ್ಲಿ, ದುಬೈನಲ್ಲಿ ಹುಟ್ಟಿದ ತನಿಷಾ ಕ್ರಾಸ್ಟೊ. ಅಶ್ವಿನಿಗಿಂತ ಸುಮಾರು 14 ವರ್ಷ ಚಿಕ್ಕವರು. ಇಬ್ಬರೂ 2024ರ ಪ್ಯಾರಿಸ್ ಒಲಿಂಪಿಕ್ಸ್ ತಲುಪಿದರು. ಅಲ್ಲಿ ಮೂರೂ ಪಂದ್ಯ ಸೋತರು, ನಿಜ. ಆದರೆ 34ರ ವಯಸ್ಸಿನಲ್ಲಿ, ಪದಕಗಳನ್ನು ಪಕ್ಕಕ್ಕಿಟ್ಟು ಸೊನ್ನೆಯಿಂದ ಹೊರಟು ಅಲ್ಲಿಗೆ ಮುಟ್ಟುವುದು ಸಣ್ಣ ಮಾತೇ?

ಹೊಸ ಊರು, ಹೊಸ ತಂಡ ಎಂದು ಅಳುಕಾದಾಗ ಈ ಅಕ್ಕನನ್ನು ನೆನೆಯಿರಿ.