ಬಾಜೂ ಮನಿಯ ಹೆಪ್ಪು

ಯಲಬುರ್ಗಾದ ಓಣಿಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಮೊಸರು ಪೂರ್ತಿ ತೀರಿದರೆ ಅವ್ವ ಬಟ್ಟಲು ಕೊಟ್ಟು ಕಳಿಸುತ್ತಾಳೆ: “ಬಾಜೂ ಮನಿ ಚಿಗವ್ವನ ಕಡೆ ಒಂದ್ ಚಮಚ ಹೆಪ್ಪು ಇಸ್ಕೊಂಡ್ ಬಾ.” ರಾತ್ರಿ ಹಾಲಿಗೆ ಬಿದ್ದ ಆ ಒಂದು ಚಮಚ ಬೆಳಗಾಗುವುದರೊಳಗೆ ಗಡಿಗೆ ತುಂಬ ಮೊಸರು. ಕೊಟ್ಟ ಚಿಗವ್ವನ ಗಡಿಗೆಯೇನೂ ಬರಿದಾಗಿಲ್ಲ.

ನಿಮ್ಮ ಮೂಳೆಗಳೊಳಗೂ ಇಂಥ ಹೆಪ್ಪು ಇದೆ. ಮೆತ್ತನೆಯ ಮಜ್ಜೆಯಲ್ಲಿರುವ ಆ ಕಣಗಳಿಗೆ ಕಾಂಡಕೋಶ ಎಂದು ಹೆಸರು. ಒಂದು ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ ಮಾತ್ರ. ಅದಕ್ಕೇ ದೊಡ್ಡವರ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪುಕಣ ಮಾಡುತ್ತಲೇ ಇರುತ್ತದೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾದಂಥ ಕಾಯಿಲೆಗಳಲ್ಲಿ ಈ ಕೆಲಸವೇ ಕೆಡುತ್ತದೆ. ಆಗ ಬೇರೆಯವರ ಹೆಪ್ಪು ಬೇಕು.

ಮೊಸರಿಗೆ ಯಾರ ಮನೆಯ ಹೆಪ್ಪಾದರೂ ನಡೆಯುತ್ತದೆ. ರಕ್ತಕ್ಕೆ ನಡೆಯದು. ಮೈಯ ಬಹುತೇಕ ಕಣಗಳ ಮೇಲೆ ‘ಎಚ್‌ಎಲ್‌ಎ’ ಎಂಬ ಗುರುತು ಇರುತ್ತದೆ, ಅದು ಹೊಂದಬೇಕು. ಈ ಗುರುತು ದಾರದಂತೆ: ಅವ್ವನ ಬಳಿ ಕೆಂಪು, ಹಸಿರು ದಾರ, ಅಪ್ಪನ ಬಳಿ ಹಳದಿ, ನೀಲಿ ದಾರ ಇವೆ ಅಂದುಕೊಳ್ಳಿ. ಮಗುವಿಗೆ ಅವ್ವನದೊಂದು, ಅಪ್ಪನದೊಂದು. ಎಷ್ಟು ಜೋಡಿ ಆಗಬಹುದು, ಬರೆದು ನೋಡಿ. ನಾಲ್ಕು! ಹಾಗಾಗಿ ಅಣ್ಣನದು ತಂಗಿಗೆ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದೇ. ಮನೆಯಲ್ಲಿ ಸಿಗದಿದ್ದರೆ ಊರಾಚೆ ಹುಡುಕಬೇಕು. ಜಗತ್ತಿನಲ್ಲಿ 4 ಕೋಟಿಗೂ ಹೆಚ್ಚು ಜನ ಕಾಂಡಕೋಶ ಕೊಡಲು ಹೆಸರು ಬರೆಸಿದ್ದಾರೆ, ಆದರೆ ಭಾರತೀಯರಿಗೆ ಹೊಂದುವ ಗುರುತು ಹೆಚ್ಚಾಗಿ ಭಾರತೀಯರಲ್ಲೇ ಸಿಗುತ್ತದೆ. ನಮ್ಮವರು ಆ ಪಟ್ಟಿಯಲ್ಲಿ ತೀರ ಕಡಿಮೆ. ನನಗೆ ಕಳವಳ ಅದೇ.

ನೀವಿನ್ನೂ ಚಿಕ್ಕವರು, ಹೆಸರು ಬರೆಸಲು 18 ತುಂಬಬೇಕು. ಕಾಲೇಜಿಗೆ ಹೋಗುವ ಅಕ್ಕ, ಹೊಲಕ್ಕೆ ಹೋಗುವ ಕಾಕಾ ಇದ್ದಾರಲ್ಲ, ಅವರಿಗೆ ಹೇಳಿ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈನ ದಾತ್ರಿ ಸಂಸ್ಥೆಗಳಲ್ಲಿ ಹೆಸರು ಬರೆಸಬಹುದು. ಕೆನ್ನೆಯ ಒಳಬದಿಗೆ ಹತ್ತಿಕಡ್ಡಿ ಸವರಿ ಕೊಟ್ಟರೆ ಆಯಿತು. “ಬೆನ್ನುಮೂಳೆ ಕೊರೀತಾರ” ಎಂದು ಕಾಕಾ ಹೆದರಿದರೆ ಹೀಗೆ ಹೇಳಿ: ಗುರುತು ಹೊಂದಿ ಕರೆ ಬಂದರೆ ಕಾಂಡಕೋಶ ಮಜ್ಜೆಯಿಂದ ರಕ್ತಕ್ಕೆ ಬರಲೆಂದು ಸಾಮಾನ್ಯವಾಗಿ ನಾಲ್ಕೈದು ದಿನ ಇಂಜೆಕ್ಷನ್ ಕೊಡುತ್ತಾರೆ, ಮೈಕೈ ನೋವು ಬರಬಹುದು. ಆಮೇಲೆ ತೋಳಿನ ರಕ್ತ ಯಂತ್ರದೊಳಗೆ ಹಾದು, ಕಾಂಡಕೋಶ ಬಿಟ್ಟು, ಮರಳಿ ಮೈಗೇ ಬರುತ್ತದೆ. ನಾಲ್ಕರಿಂದ ಆರು ತಾಸಿನ ಕೆಲಸ. ಕೊಟ್ಟ ಕೋಶಗಳನ್ನು ಮೈ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ಅತ್ತ ರೋಗಿಯ ಕೆಟ್ಟ ಮಜ್ಜೆಯನ್ನು ಗಡಿಗೆ ತೊಳೆದಂತೆ ಔಷಧದಿಂದ ಬರಿದು ಮಾಡಿರುತ್ತಾರೆ. ಹೊಸ ಕೋಶಗಳನ್ನು ರಕ್ತ ಏರಿಸಿದ ಹಾಗೆ ರಕ್ತನಾಳದಲ್ಲಿ ಬಿಡುತ್ತಾರೆ, ಅಷ್ಟೆ. ಮೂಳೆಯ ದಾರಿಯನ್ನು ಅವು ತಾವೇ ಹುಡುಕಿಕೊಂಡು ಹೋಗುತ್ತವೆ! ಇದಕ್ಕೆ ರಕ್ತದ ಗುಂಪು ಒಂದೇ ಇರಬೇಕೆಂದೂ ಇಲ್ಲ. ‘ಒ’ ಗುಂಪಿನ ಹುಡುಗಿಗೆ ‘ಬಿ’ ಗುಂಪಿನವರ ಹೆಪ್ಪು ಕೂಡಿಕೊಂಡರೆ, ಕೆಲವು ತಿಂಗಳಲ್ಲಿ ಅವಳ ರಕ್ತವೂ ‘ಬಿ’ ಆಗಿರುತ್ತದೆ.