ಕ್ಲಿನಿಕ್ಕಿಗೆ ಬರುವ ಮುಂಚಿನ ಎರಡು ದಿನ



ಊರಿನವರ ಬಾಯಲ್ಲಿ ಪಶುವೈದ್ಯರಾದ ನಾವು ಇವತ್ತಿಗೂ ದನದ ಡಾಕ್ಟ್ರು. ಅದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. 1958ರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಶುರುವಾದಾಗ ರಾಜ್ಯಕ್ಕೆ ಬೇಕಿದ್ದದ್ದು ದನ, ಎಮ್ಮೆ, ಕುರಿ ನೋಡುವ ವೈದ್ಯರೇ. ಈಗ ತಾಲ್ಲೂಕು ಆಸ್ಪತ್ರೆಯಲ್ಲೂ ಕರು ಹಿಡಿದು ನಿಂತವರ ಪಕ್ಕದಲ್ಲೇ ಬುಟ್ಟಿಯೊಳಗೆ ಬೆಕ್ಕು ಇಟ್ಟುಕೊಂಡು ಕಾಯುವವರು ಇರುತ್ತಾರೆ. ಈ ಸಂಕಿರಣದಲ್ಲಿ ಹೊಸ ಔಷಧ, ಹೊಸ ಯಂತ್ರಗಳ ಮಾತು ಬೇಕಾದಷ್ಟು ಬರಲಿದೆ. ನಾನು ಅದಕ್ಕೂ ಹಿಂದಿನ ಒಂದು ವಿಷಯ ಎತ್ತುತ್ತೇನೆ. ನಾಯಿ, ಬೆಕ್ಕುಗಳು ನಮ್ಮ ಕೈಯಲ್ಲಿ ಸಾಯುವುದು ಬಹಳ ಸಲ ರೋಗ ಗುಣವಾಗದ್ದೆಂದಲ್ಲ, ಅವು ನಮ್ಮ ಮೇಜಿಗೆ ಬರುವ ಹೊತ್ತಿಗೆ ಮನೆಯಲ್ಲೇ ಎರಡು ದಿನ ಕಳೆದುಹೋಗಿರುತ್ತದೆ.

ಗಂಡು ಬೆಕ್ಕನ್ನೇ ತೆಗೆದುಕೊಳ್ಳಿ. ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಏನೂ ಬರುವುದಿಲ್ಲ. ಮನೆಯವರು ಮಲಬದ್ಧತೆ ಎಂದುಕೊಂಡು ಒಂದು ಚಮಚ ಹರಳೆಣ್ಣೆ ಕುಡಿಸುತ್ತಾರೆ. ಕಟ್ಟಿರುವುದು ಮಲವಲ್ಲ, ಮೂತ್ರ. ಹೊಟ್ಟೆಯ ಹಿಂಭಾಗ ಮುಟ್ಟಿದರೆ ಮೂತ್ರಕೋಶ ದೊಡ್ಡ ನಿಂಬೆಹಣ್ಣಿನ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಪೂರ್ತಿ ಕಟ್ಟಿಕೊಂಡರೆ ಒಂದು ದಿನ ಕಳೆಯುವಷ್ಟರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಲು ತೊಡಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಹೃದಯ ನಿಧಾನವಾಗುತ್ತದೆ. ಎರಡು ಮೂರು ದಿನದಲ್ಲಿ ಬೆಕ್ಕು ಉಳಿಯುವುದಿಲ್ಲ. ಆದ್ದರಿಂದ ಫೋನಿನಲ್ಲಿ 'ಬೆಕ್ಕು ಕಕ್ಕ ಮಾಡಿಲ್ಲ ಸಾರ್' ಎಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ, 'ಉಚ್ಚೆ ಹೊಯ್ದದ್ದನ್ನು ಕಣ್ಣಾರೆ ಕಂಡಿದ್ದು ಯಾವಾಗ?' ಉತ್ತರ ತಡವರಿಸಿದರೆ ನಾಳೆ ಬನ್ನಿ ಎನ್ನಬೇಡಿ.

ಇನ್ನು ಜ್ವರದ ಮಾತ್ರೆ. ಮಕ್ಕಳಿಗೆ ಕೊಡುತ್ತೇವಲ್ಲ, ಬೆಕ್ಕಿಗೆ ಕೊಟ್ಟರೇನು ಎನ್ನುವ ಧೈರ್ಯ ನಮ್ಮ ಜನರದ್ದು. ಪ್ಯಾರಸಿಟಮಾಲನ್ನು ಅರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 650 ಮಿಲಿಗ್ರಾಂ ಮಾತ್ರೆಯ ಅರ್ಧ ಸಾಕು, ನಾಲ್ಕು ಕಿಲೋ ತೂಕದ ಬೆಕ್ಕಿನ ಪ್ರಾಣ ತೆಗೆಯಲು. ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದುತ್ತವೆ, ಉಸಿರು ಏರುತ್ತದೆ. ಬೇಗ ಬಂದರೆ ಅಸಿಟೈಲ್‌ಸಿಸ್ಟೀನ್ ಕೊಟ್ಟು ಉಳಿಸಲು ಸಾಧ್ಯ. ಆದರೆ ಕೊಟ್ಟಿದ್ದನ್ನು ಹೇಳಲು ಜನ ಹಿಂಜರಿಯುತ್ತಾರೆ, ನಾವು ಬೈಯುತ್ತೇವೆಂಬ ಭಯ. ಆ ಭಯ ಹುಟ್ಟಿಸಿದವರು ನಾವೇ. ನಾಯಿಗಳಿಗೆ ಹಾಕುವ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೂ ಹಾಕಿಬಿಡುವುದು ಇದೇ ಜಾತಿಯ ಅನಾಹುತ. ನಡುಗುತ್ತಾ, ಸೆಳೆತ ಬಂದು ಬರುವ ಬೆಕ್ಕಿನ ಮೈಮೇಲೆ ಏನು ಹಾಕಿದ್ದಾರೆಂದು ತಪ್ಪದೆ ವಿಚಾರಿಸಿ.

ನಾಯಿಗಳ ವಿಷಯಕ್ಕೆ ಬಂದರೆ ನಮ್ಮಲ್ಲಿ ದಿನನಿತ್ಯದ ಶತ್ರು ಉಣ್ಣೆ. ಟಿಕ್ ಫೀವರ್ ಎಂದು ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಎರ್ಲಿಕಿಯಾ ಇದೆ, ಬಬೀಸಿಯಾ ಇದೆ, ಹೆಪಟೊಜೂನ್ ಇದೆ. 'ಊಟ ಬಿಟ್ಟು ಮೂರು ದಿನ ಆಯ್ತು, ಬಿಸಿಲಿಗೇನೋ ಅಂದ್ಕೊಂಡ್ವಿ' ಎಂದು ಕರೆತಂದ ನಾಯಿಯ ತುಟಿ ಎತ್ತಿ ನೋಡಿ, ಒಸಡು ಬಿಳಿಚಿರುತ್ತದೆ. ಹೊಟ್ಟೆಯ ರೋಮವಿಲ್ಲದ ಜಾಗದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿರುತ್ತವೆ. ಪ್ಲೇಟ್‌ಲೆಟ್ ಕುಸಿದು ಮೂಗಿನಲ್ಲಿ ರಕ್ತ ಬಂದ ಮೇಲೆ ಓಡಿ ಬರುವವರೇ ಹೆಚ್ಚು. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ 28 ದಿನ ಎಂದು ನಾವು ಬರೆದುಕೊಡುತ್ತೇವೆ, ವಾರದಲ್ಲಿ ನಾಯಿ ಅನ್ನ ತಿಂದಿತೆಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ಬಬೀಸಿಯಾಗೆ ಬರೀ ಡಾಕ್ಸಿಸೈಕ್ಲಿನ್ ಸಾಲದು, ಅದು ಇಲ್ಲಿರುವ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಒಂದು ಹನಿ ರಕ್ತವನ್ನು ಸ್ಲೈಡಿನ ಮೇಲೆ ಎಳೆದು ನೋಡದೆ ಚೀಟಿ ಬರೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಇನ್ನೊಂದು ಮಾತು, ಉಣ್ಣೆ ನಾಯಿಯ ಮೈಮೇಲೆ ಇರುವುದಕ್ಕಿಂತ ಗೋಡೆಯ ಬಿರುಕಿನಲ್ಲಿ, ನಾಯಿಗೂಡಿನ ಸಂದಿಯಲ್ಲಿ ಇರುವುದೇ ಜಾಸ್ತಿ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಕೆಳಗಿಳಿದು ಅಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬಿರುಕು ಮುಚ್ಚದೆ ನಾಯಿಗೆ ಮಾತ್ರ ಸ್ನಾನ ಮಾಡಿಸಿದರೆ ತಿಂಗಳಲ್ಲಿ ಅದೇ ಕಥೆ.

ಪಾರ್ವೋ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1978ರ ಸುಮಾರಿಗೆ ಜಗತ್ತಿಗೆ ಕಾಣಿಸಿಕೊಂಡ ಈ ರೋಗಕ್ಕೆ ಒಳ್ಳೆಯ ಲಸಿಕೆ ಇದೆ. ಆದರೆ ತಾಯಿಯಿಂದ ಬಂದ ಪ್ರತಿಕಾಯಗಳೇ ಮೊದಲ ಚುಚ್ಚುಮದ್ದಿಗೆ ಅಡ್ಡ ಬರುವುದರಿಂದ ಮರಿಗೆ 16 ವಾರ ತುಂಬುವವರೆಗೂ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. 'ಒಂದು ಇಂಜೆಕ್ಷನ್ ಆಗಿದೆ' ಎಂದು ಮಾರುವವನು ಹೇಳಿದ್ದನ್ನೇ ನಂಬಿದ ಮನೆಗಳಲ್ಲಿ ಮರಿಗಳು ಸಾಯುತ್ತಿವೆ.

ಬೆಕ್ಕಿಗೆ ಹಾಲನ್ನ, ಮೊಸರನ್ನ ಮಾತ್ರ ಹಾಕುವ ಮನೆಗಳೂ ಬೇಕಾದಷ್ಟಿವೆ. ಬೆಕ್ಕಿಗೆ ಟಾರಿನ್ ಆಹಾರದಿಂದಲೇ ಬರಬೇಕು, ಅದು ಇರುವುದು ಮಾಂಸ, ಮೀನಿನಲ್ಲಿ. ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ನಂಟು 1987ರಲ್ಲೇ ಸ್ಪಷ್ಟವಾಯಿತು. ಸಸ್ಯಾಹಾರಿ ಮನೆಯವರಿಗೆ ಸಂಕೋಚವಿಲ್ಲದೆ ಹೇಳಿ: ಅಡುಗೆಮನೆಗೆ ಮೀನು ತರಲಾಗದಿದ್ದರೆ ಬೆಕ್ಕಿನ ಸಿದ್ಧ ಆಹಾರ ತನ್ನಿ, ಮೊಸರನ್ನ ಅದಕ್ಕೆ ಊಟವಲ್ಲ.

ಕೊನೆಯದಾಗಿ ರೇಬೀಸ್. ಹುಚ್ಚುನಾಯಿ ಎಂದರೆ ಕಂಡವರನ್ನೆಲ್ಲ ಅಟ್ಟಿಸಿಕೊಂಡು ಬರುವುದೆಂದೇ ಜನ ತಿಳಿದಿದ್ದಾರೆ. ಮೂಲೆಯಲ್ಲಿ ಮಂಕಾಗಿ ಕೂತು, ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿಸುವ ನಾಯಿಯನ್ನು 'ಗಂಟಲಲ್ಲಿ ಮೂಳೆ ಸಿಕ್ಕಿದೆ' ಎಂದು ಎತ್ತಿಕೊಂಡು ಬರುತ್ತಾರೆ. ಅವರಾಗಲೇ ಬಾಯಿಗೆ ಕೈ ಹಾಕಿ ನೋಡಿರುತ್ತಾರೆ, ನಾವೂ ಹಾಕುತ್ತೇವೆ. ಕೈಗವಸಿಲ್ಲದೆ, ರೇಬೀಸ್ ಅನುಮಾನ ತೀರಿಸಿಕೊಳ್ಳದೆ ಯಾವ ನಾಯಿಯ ಬಾಯಿಗೂ ಕೈ ಹಾಕಬೇಡಿ. ಕಚ್ಚಿದರೆ, ಜೊಲ್ಲು ಗಾಯಕ್ಕೆ ತಾಗಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ವಿದ್ಯಾರ್ಥಿಗಳು ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಳ್ಳದೆ ಕ್ಲಿನಿಕ್ಕಿಗೆ ಕಾಲಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಬಂಧ ಮಂಡಿಸುವವರಲ್ಲಿ ಒಂದು ವಿನಂತಿ. ಪ್ರತಿ ಕೇಸಿನ ವಿವರದಲ್ಲೂ ಎರಡು ಸಾಲು ಸೇರಿಸಿ: ಮೊದಲ ಲಕ್ಷಣ ಮನೆಯವರ ಕಣ್ಣಿಗೆ ಬಿದ್ದದ್ದು ಯಾವಾಗ, ನಮ್ಮ ಬಳಿ ಬರುವ ಮುಂಚೆ ಅವರು ಏನೇನು ಕೊಟ್ಟಿದ್ದರು. ಅವನ್ನೆಲ್ಲ ಒಟ್ಟುಮಾಡಿ, ಸಮಾರೋಪಕ್ಕೆ ಮೊದಲು ಒಂದೇ ಪುಟದ ಕನ್ನಡ ಕರಪತ್ರ ಸಿದ್ಧಪಡಿಸೋಣ. ಅದು ನಮ್ಮ ಆಸ್ಪತ್ರೆಗಳ ಗೋಡೆಗೆ ಮಾತ್ರ ಸಾಲದು, ಬೆಕ್ಕಿಗೆಂದು ಜ್ವರದ ಮಾತ್ರೆ ಕೊಂಡುಹೋಗುವ ಮೆಡಿಕಲ್ ಶಾಪುಗಳ ಕೌಂಟರಿಗೂ ತಲುಪಬೇಕು. ಆ ಕೆಲಸಕ್ಕೆ ನೀವೆಲ್ಲ ಕೈಜೋಡಿಸಿ.