ಫ್ರಿಜ್ಜಿನ ಬೆನ್ನ ಹಿಂದೆ

(ಮನೆಬಳಕೆಯ ವಿದ್ಯುತ್ ಕುರಿತು ಕನ್ಯಾನದಲ್ಲಿ ನಡೆದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉಡುಪಿಯಿಂದ ಕಾಸರಗೋಡಿಗೆ ಸಾಗುವ 400 ಕೆ.ವಿ. ವಿದ್ಯುತ್ ಮಾರ್ಗಕ್ಕೆ ನಮ್ಮ ಬಂಟ್ವಾಳ ತಾಲೂಕಿನ ಕೃಷಿಕರು ಒಡ್ಡಿದ ವಿರೋಧವನ್ನು ತಾವೆಲ್ಲ ಬಲ್ಲಿರಿ. ಅಂತಹ ತಂತಿಯ ಕೆಳಗೆ ಅಡಿಕೆ, ತೆಂಗು ಎತ್ತರಕ್ಕೆ ಬೆಳೆಯುವಂತಿಲ್ಲ. ಅದು ಕೇರಳಕ್ಕೆ ಹೋಗುವ ವಿದ್ಯುತ್ತು, ನಮ್ಮ ಮನೆಗಲ್ಲ ಎನ್ನುವವರಿದ್ದಾರೆ. ನಿಜ. ಆದರೆ ನಮ್ಮ ಮನೆಗೆ ಬರುವ ವಿದ್ಯುತ್ತೂ ಯಾರದೋ ತೋಟದ ಮೇಲಿಂದ, ಮುಳುಗಿದ ಯಾವುದೋ ಕಣಿವೆಯಿಂದ ಬರುವಂಥದೇ. ಆದ ಕಾರಣ ಫ್ರಿಜ್ಜಿನಂತಹ ಸಣ್ಣ ವಿಷಯವನ್ನು ಇಂದು ಎತ್ತಿಕೊಂಡಿದ್ದೇನೆ. ಮನೆಯಲ್ಲಿ ಹಗಲಿರುಳು ದುಡಿಯುವ ಯಂತ್ರ ಅದೊಂದೇ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಬಳಿಕ ಅನೇಕ ಮನೆಗಳ ಬಿಲ್ಲು ಸೊನ್ನೆಯಾಯಿತು; ಬಿಲ್ಲಿನಲ್ಲಿರುವ ಯೂನಿಟ್ಟುಗಳ ಅಂಕಿಯನ್ನು ಓದುವ ಅಭ್ಯಾಸವೂ ಅದರೊಂದಿಗೆ ತಪ್ಪಿತು.

ಫ್ರಿಜ್ಜು ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ತಂದು ಹೊರಗೆ ಬಿಡುತ್ತದೆ, ಅಷ್ಟೆ. ಹಳೆಯ ಮಾದರಿಗಳಲ್ಲಿ ಶಾಖ ಹೊರಬೀಳುವುದು ಬೆನ್ನಿನ ಕಪ್ಪು ಕೊಳವೆಗಳಿಂದ. ನಮ್ಮ ಅಡುಗೆಮನೆಗಳಲ್ಲಿ ಸೌದೆ ಒಲೆಯ ಮಸಿ, ಜೇಡರ ಬಲೆ, ಎಣ್ಣೆಯ ಜಿಡ್ಡು ಸೇರಿ ಅವುಗಳ ಮೇಲೆ ಕಂಬಳಿ ಹೊದೆಸಿದಂತಾಗಿರುತ್ತದೆ. ಶಾಖ ಹೊರಹೋಗದಿದ್ದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಲೇಬೇಕು. ಮೂರು ತಿಂಗಳಿಗೊಮ್ಮೆ ಪ್ಲಗ್ ಕಳಚಿ, ಒಣ ಬ್ರಶ್ಶಿನಿಂದ ಮೃದುವಾಗಿ ಗುಡಿಸಿರಿ. ಗೋಡೆಯಿಂದ ಗೇಣಿನಷ್ಟು ಅಂತರವಿರಲಿ. ಹೊಸ ಮಾದರಿಗಳಲ್ಲಿ ಕೊಳವೆಗಳು ಪಕ್ಕದ ತಗಡಿನೊಳಗಿರುತ್ತವೆ; ಅವುಗಳ ಪಕ್ಕಕ್ಕೆ ಅಕ್ಕಿ ಡಬ್ಬ ಒತ್ತರಿಸಿಡಬಾರದು.

ಮಳೆಗಾಲದ ಮಾತೇ ಬೇರೆ. ಆಟಿ ತಿಂಗಳಲ್ಲಿ ಬಾಗಿಲು ತೆರೆದಾಗಲೆಲ್ಲ ತೇವಭರಿತ ಗಾಳಿ ಒಳನುಗ್ಗಿ, ಅದರ ತೇವ ಮಂಜುಗಡ್ಡೆಯಾಗಿ ಹೆಪ್ಪುಗಟ್ಟುತ್ತದೆ. ಮಂಜು ಶಾಖದ ಹರಿವಿಗೆ ಅಡ್ಡಿ. ಅರ್ಧ ಸೆಂಟಿಮೀಟರ್ ದಪ್ಪವಾದೊಡನೆ ಕರಗಿಸಿಬಿಡಬೇಕು. ಚಾಕುವಿನಿಂದ ಕೆತ್ತಲು ಹೋಗಿ ಕೊಳವೆಗೆ ತೂತು ಬಿದ್ದರೆ ಅನಿಲವೆಲ್ಲ ಸೋರಿಹೋಗುತ್ತದೆ. ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆಗಳಲ್ಲಿ ಬೂಸ್ಟು ಕಟ್ಟುವುದೂ ಈ ದಿನಗಳಲ್ಲೇ. ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಬೆರೆಸಿ ಒರೆಸಿರಿ. ಒಂದು ಕಾಗದದ ಚೂರನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಜಾರಿಬಂದರೆ ಪಟ್ಟಿ ಸಡಿಲವಾಗಿದೆ ಎಂದರ್ಥ.

ಹೆಚ್ಚಿನವರು ನೋಡಿಯೇ ಇರದ ಇನ್ನೊಂದು ಭಾಗವಿದೆ. ಕರಗಿದ ನೀರು ಹಿಂಬದಿಯ ಒಂದು ತಟ್ಟೆಗೆ ಇಳಿದು, ಕಂಪ್ರೆಸರಿನ ಬಿಸಿಗೆ ಆರಬೇಕು. ಮಳೆಗಾಲದಲ್ಲಿ, ಕರೆಂಟು ಹೋಗಿ ಬಂದು ಮಾಡುವಾಗ, ಅದು ಬೇಗ ಆರುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಧಾರಾಳವಾಯಿತು. 2019ರಲ್ಲಿ ಮಂಗಳೂರಿನಲ್ಲಿ ಡೆಂಗಿ ಹಬ್ಬಿದ್ದನ್ನು ನಾವು ಕಂಡಿದ್ದೇವೆ. ತೋಟದ ತೆಂಗಿನ ಚಿಪ್ಪು, ಅಡಿಕೆ ಹಾಳೆಗಳನ್ನು ಕವುಚಿ ಹಾಕುವ ನಾವು ಅಡುಗೆಮನೆಯ ಈ ಕೊಳವನ್ನು ಮರೆಯುತ್ತೇವೆ. ನೀರು ಚೆಲ್ಲಿದರೆ ಸಾಲದು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವೆ. ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು.

ಇನ್ನು ಒಳಗೇನಿಡಬೇಕೆಂಬುದು. ಇದು ನನ್ನ ಶಾಸ್ತ್ರದ ವಿಷಯವಾದುದರಿಂದ ತುಸು ಹೆಚ್ಚು ಹೇಳುತ್ತೇನೆ. ಉಷ್ಣವಲಯದ ಬೆಳೆಗಳಿಗೆ ಚಳಿ ಒಗ್ಗದು. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ. ಎಳೆಸೌತೆ 10 ಡಿಗ್ರಿಗಿಂತ ತಣ್ಣಗಿನಲ್ಲಿ ಕೆಲವು ದಿನಗಳಲ್ಲೇ ನೀರುನೀರಾಗುತ್ತದೆ. ಫ್ರಿಜ್ಜಿನೊಳಗೆ ಇರಬೇಕಾದದ್ದು ನಾಲ್ಕು ಡಿಗ್ರಿ! ಬಟಾಟೆಯ ಪಿಷ್ಟ ಚಳಿಗೆ ಸಕ್ಕರೆಯಾಗುತ್ತದೆ. ಬಲಿತ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುತ್ತಿದ್ದ ಅಜ್ಜಿಯರ ಕ್ರಮದಲ್ಲಿ ಗಾಳಿಯಾಟವಿತ್ತು, ಕಾಯಿಗೆ ಕಾಯಿ ತಾಗುತ್ತಿರಲಿಲ್ಲ. ಅದು ತಿಂಗಳುಗಳ ಕಾಲ ಬಾಳುತ್ತಿತ್ತು. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆಗೂ ಮಾವಿನ ಮಿಡಿಗೂ ಭರಣಿಯೇ ಸಾಕು. ಹಾಲು, ಮೀನು, ಸೊಪ್ಪು, ತುರಿದ ತೆಂಗಿನಕಾಯಿ, ಕೆಲವು ಔಷಧಿ: ಫ್ರಿಜ್ಜು ನಿಜಕ್ಕೂ ಬೇಕಾದದ್ದು ಇವಕ್ಕೆ. ಹೀಗೆ ಲೆಕ್ಕ ಹಾಕಿದರೆ ನಮಗೆ ಬೇಕಾದ ಪೆಟ್ಟಿಗೆ ಅಂಗಡಿಯವನು ತೋರಿಸುವುದಕ್ಕಿಂತ ಬಹಳ ಚಿಕ್ಕದು. ಕೊಳ್ಳುವಾಗ ನಕ್ಷತ್ರಗಳನ್ನಷ್ಟೇ ಎಣಿಸಬೇಡಿ. ಅವು ಅದೇ ಗಾತ್ರದ ಫ್ರಿಜ್ಜುಗಳೊಳಗಿನ ಹೋಲಿಕೆ ಮಾತ್ರ. ವರ್ಷಕ್ಕೆ ಎಷ್ಟು ಯೂನಿಟ್ ಎಂಬುದು ಅದೇ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ.

ಸಿಡಿಲಿನ ಸಂಜೆಗಳಲ್ಲಿ ಮೋಡ ಕವಿಯುವ ಮೊದಲೇ ಪ್ಲಗ್ ಕಳಚಿರಿ. ಮತ್ತೆ ಚಾಲೂ ಮಾಡುವ ಮುನ್ನ ಐದು ನಿಮಿಷ ತಾಳಿರಿ.

ಕೊನೆಯದಾಗಿ, ಕೊಟ್ಟಿಗೆಯ ಮೂಲೆ ಸೇರಿದ ಹಳೆಯ ಫ್ರಿಜ್ಜುಗಳು. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಓಝೋನ್ ಪದರವನ್ನು ಹರಿಯುವ ಅನಿಲಗಳ ಬಳಕೆ ಹಂತಹಂತವಾಗಿ ನಿಂತಿತು. ಆದರೆ ತೀರ ಹಳೆಯ ಪೆಟ್ಟಿಗೆಗಳಲ್ಲಿ ಅವು ಇನ್ನೂ ಇರಬಹುದು. ಅನಂತರ ಬಂದ ಆರ್-134ಎ ಓಝೋನಿಗೆ ನಿರುಪದ್ರವಿಯಾದರೂ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸಾವಿರಕ್ಕೂ ಹೆಚ್ಚು ಪಟ್ಟು ಬಲಿಷ್ಠ. ಗುಜರಿಯವನು ತಾಮ್ರಕ್ಕಾಗಿ ಕೊಳವೆಯನ್ನು ಕತ್ತರಿಸಿದರೆ ಅದೆಲ್ಲ ಒಂದೇ ಉಸಿರಿಗೆ ಆಕಾಶಕ್ಕೆ. ಕೊಡುವ ಮುನ್ನ, ಅನಿಲವನ್ನು ಸಿಲಿಂಡರಿಗೆ ಹಿಂತೆಗೆಯಬಲ್ಲ ಮೆಕ್ಯಾನಿಕ್‌ನನ್ನು ಕರೆಸಿರಿ. ಪ್ರತಿ ಮನೆಗೂ ಅಂತಹವನು ಸಿಗುವುದು ಕಷ್ಟ. ಹತ್ತಾರು ಮನೆಯವರು ಸೇರಿ ಒಂದೇ ದಿನ ಗೊತ್ತುಮಾಡಿದರೆ ಅವನಿಗೂ ಬರುವ ಉತ್ಸಾಹವಿರುತ್ತದೆ. ಅಂತಹ ಹಳೆಯ ಪೆಟ್ಟಿಗೆ ಇರುವವರು ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಬೇಕಾಗಿ ವಿನಂತಿ.